ತೊಟ್ಟಿಲಮ್ಮನ ಚಮಚ

ನನ್ನ ದೊಡ್ಡಮ್ಮನನ್ನು ಎಲ್ಲರೂ ಕರೆಯುತ್ತಿದ್ದುದು ತೊಟ್ಟಿಲಮ್ಮ ಎಂದೇ. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಅವಳ ಮುಂಗೋಣೆಯಲ್ಲಿ ಬಿಟ್ಟು, ಸಂಜೆ ಎತ್ತಿಕೊಂಡು ಹೋಗುತ್ತಿದ್ದರು. ಎಷ್ಟೇ ರಚ್ಚೆ ಹಿಡಿದ ಮಗುವೂ ಅವಳ ಹೆಗಲ ಮೇಲೆ ಬಿದ್ದರೆ ಸಾಕು, ಗಪ್‌ಚುಪ್. ಗಂಡ ತೀರಿಕೊಂಡ ಮೇಲೆ ಅವಳ ಅನ್ನವೂ ಆನಂದವೂ ಆ ಕೋಣೆಯೇ.

ನಮ್ಮ ಚರ್ಚಿನ ಸಭೆಯಲ್ಲಿ ಆರಾಧನೆಯ ಕೊನೆಗೆ ಒಬ್ಬೊಬ್ಬರೇ ಎದ್ದು ಪ್ರಾರ್ಥನೆಯ ವಿಷಯ ಹೇಳುವ ರೂಢಿ. ದೊಡ್ಡಮ್ಮ ಜ್ವರವೆಂದು ಬಾರದಿದ್ದ ಭಾನುವಾರ ಗಾಯನ ತಂಡದ ಅಕ್ಕ ಎದ್ದು ಕಣ್ಣೊರೆಸಿಕೊಂಡಳು.

"ನಮ್ಮ ತೊಟ್ಟಿಲಮ್ಮಂಗೋಸ್ಕರ ಪ್ರಾರ್ಥನೆ ಮಾಡೋಣ. ಮಕ್ಕಳಿಗೆ ಚಮಚದಲ್ಲಿ ಏನೋ ಕುಡಿಸ್ತಿದ್ದಿದ್ದು ಕಿಟಕೀಲಿ ಕಾಣಿಸ್ತು. ಅಷ್ಟು ಬೇಗ ಹೇಗೆ ಮಲಗ್ತಾವೋ, ದೇವರಿಗೇ ಗೊತ್ತು. ನಾನೇನೂ ಹೇಳಲ್ಲಪ್ಪ."

ಏನೂ ಹೇಳಲ್ಲವಂತೆ! ಅದು ಒಂದು ಮಗುವಿನ ತಾಯಿಯೇ ಕೊಟ್ಟುಹೋಗಿದ್ದ ಕೆಮ್ಮಿನ ಔಷಧಿ. ನಾನು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಕಣ್ಣು ಮುಚ್ಚಿ "ಆಮೆನ್" ಎಂದಾಗಿತ್ತು. ಸುಳ್ಳುಸಾಕ್ಷಿ ಹೇಳಬೇಡವೆಂಬ ದೇವರ ಆಜ್ಞೆಯನ್ನು ಬಾಯಿಪಾಠ ಮಾಡಿದ್ದ ಜನ! ಹೊರಗೆ ಬಂದು ಎಲ್ಲರ ಹತ್ತಿರ ಜಗಳವಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನದಿಂದ ತೊಟ್ಟಿಲುಗಳು ಖಾಲಿಯಾಗತೊಡಗಿದವು. ಕೊನೆಗೆ ಉಳಿದದ್ದು ಒಂದೇ ಹೆಣ್ಣುಮಗು. ಅದರ ತಾಯಿ ಲಾಂಡ್ರಿಯಲ್ಲಿ ದುಡಿಯುವವಳು, ನಮ್ಮ ಸಭೆಗೆ ಬರುವವಳಲ್ಲ, ಹಾಗಾಗಿ ಸುದ್ದಿ ತಲುಪಿರಲಿಲ್ಲ. ಆ ಮಗುವಿಗೆ ಫಿಟ್ಸ್. ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಮಧ್ಯಾಹ್ನ ತಪ್ಪದೆ ಕುಡಿಸಬೇಕು.

"ಕಿಟಕಿ ಮುಚ್ಚಿದ್ರೆ ಏನೋ ಬಚ್ಚಿಡ್ತಾಳೆ ಅಂತಾರೆ, ತೆಗೆದಿಟ್ರೆ ಇಣುಕ್ತಾರೆ. ಪೊಲೀಸರು ಬರ್ತಾರೇನೇ, ಮಗಳೇ?" ಎಂದು ದೊಡ್ಡಮ್ಮ ಕೇಳಿದಳು.

"ಸುಮ್ನಿರು ದೊಡ್ಡಮ್ಮ, ನಾನಿಲ್ವಾ?" ಎಂದು ಗದರಿದೆ. ಆದರೆ ಹೊರಗೆ ಚಪ್ಪಲಿ ಸದ್ದಾದರೆ ಅವಳ ಜೊತೆ ನಾನೂ ಬಾಗಿಲ ಕಡೆ ತಿರುಗುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ಹಿಡಿದು ಹೋದಾಗ ಮಗು ನೆಲದ ಮೇಲೆ ಒದ್ದಾಡುತ್ತಿತ್ತು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ತುಟಿ ನೀಲಿಯಾಗಿತ್ತು. ದೊಡ್ಡಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಗೋಡೆಗಂಟಿ ನಿಂತಿದ್ದಳು. ಅಯ್ಯೋ ದೇವರೇ!

"ಔಷಧಿ ಕೊಟ್ಯಾ?"

"ಚಮಚಕ್ಕೆ ಬಗ್ಗಿಸಿದ್ದೆ ಕಣೇ. ಕಿಟಕೀಲಿ ಯಾರದೋ ನೆರಳು ಸರೀತು. ಭಯ ಆಗಿ ಚೆಲ್ಲಿಬಿಟ್ಟೆ."

ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ದೇವರು ದೊಡ್ಡವನು, ಮಗು ಉಳಿಯಿತು.

ನಡೆದದ್ದೆಲ್ಲ ತಿಳಿದ ಮೇಲೆ ಗಾಯನ ತಂಡದ ಅಕ್ಕ ಬಂದು ದೊಡ್ಡಮ್ಮನ ಕಾಲ ಬಳಿ ಕುಳಿತು ಬಿಕ್ಕಿಬಿಕ್ಕಿ ಅತ್ತಳು. ನಾನಾಗಿದ್ದರೆ ಬಾಗಿಲಲ್ಲೇ ಅಟ್ಟುತ್ತಿದ್ದೆ. ದೊಡ್ಡಮ್ಮ ಮಾತ್ರ, "ಕ್ಷಮಿಸಿದ್ದೀನಮ್ಮ, ಯೇಸು ನನ್ನ ಕ್ಷಮಿಸಿಲ್ವಾ?" ಎಂದಳು. ಅದು ಬಾಯಿಮಾತಾಗಿರಲಿಲ್ಲ.

ಕೆಲವು ದಿನಗಳ ಬಳಿಕ ಲಾಂಡ್ರಿಯವಳು ಮಗುವಿನೊಂದಿಗೆ ಬಂದಳು. "ಆಗಿದ್ದು ಆಗೋಯ್ತು. ನಿಮ್ಮನ್ನ ಬಿಟ್ರೆ ಯಾರಿದ್ದಾರಮ್ಮ ನಮಗೆ?" ಎಂದಳು. ಮಗು ನಕ್ಕು, ಎತ್ತಿಕೋ ಎಂದು ಎರಡೂ ಕೈ ಚಾಚಿತು.

ದೊಡ್ಡಮ್ಮ ಮಗುವನ್ನು ನೋಡಲಿಲ್ಲ, ಕಿಟಕಿಯನ್ನು ನೋಡಿದಳು. ಆಮೇಲೆ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.