ಕ್ಷೌರಿಕನ ಮಗನ ಕೂದಲು

ಕ್ಷೌರಿಕನ ಮಗನ ತಲೆಯೇ ಕಾಡು ಬೆಳೆದ ಹಾಗಿದೆ ಎಂದು ಅಂಗಡಿಗೆ ಬಂದವರೆಲ್ಲ ನಗುತ್ತಿದ್ದರು. ಕ್ಷೌರಿಕನ ಕುರ್ಚಿಯಲ್ಲೇ ಕೂತು, ಅವನ ಕತ್ತಿಗೇ ಕುತ್ತಿಗೆ ಕೊಟ್ಟು, ಅವನನ್ನೇ ಆಡಿಕೊಳ್ಳುವವರ ಧೈರ್ಯ ನೋಡಿ! ಅವನೂ ನಗುತ್ತಿದ್ದ. "ನಮ್ಮ ದೊರೆ ಇನ್ನೂ ಅಪ್ಪಣೆ ಕೊಟ್ಟಿಲ್ಲ ಸಾರ್" ಎನ್ನುತ್ತಿದ್ದ.

ದೊರೆ ಎಂದರೆ ಅವನ ಒಬ್ಬನೇ ಮಗ, ಒಂಬತ್ತು ವರ್ಷದವನು. ಮನೆಯಲ್ಲಿ ಎಲ್ಲವೂ ಅವನು ಹೇಳಿದ ಹಾಗೇ ನಡೆಯಬೇಕಾಗಿದ್ದರಿಂದ ಅಪ್ಪನೇ ಮುದ್ದಿಗೆ ಇಟ್ಟ ಹೆಸರು. ಹುಡುಗನಿಗೆ ಆಟಿಸಂ ಎಂದು ಡಾಕ್ಟರು ಚಿಕ್ಕಂದಿನಲ್ಲೇ ಹೇಳಿದ್ದರು. ಮಾತು ಕಡಿಮೆ. ಸದ್ದು, ಬೆಳಕು, ಯಾರಾದರೂ ಮುಟ್ಟುವುದು ಎಲ್ಲವೂ ನಮಗೆ ತಾಗುವುದಕ್ಕಿಂತ ಹೆಚ್ಚು ಅವನಿಗೆ ತಾಗುತ್ತಿತ್ತು. ತಲೆಗೆ ಕತ್ತರಿ ತಗುಲಿದರೆ ಬೆರಳನ್ನೇ ಕತ್ತರಿಸಿದ ಹಾಗೆ ಕಿರುಚುತ್ತಿದ್ದ. ಅದು ಹಠವಲ್ಲ, ನಿಜವಾದ ನೋವು. ಹೆತ್ತ ಅಪ್ಪನಿಗೇ ಇದು ತಲೆಗೆ ಹೋಗಲು ವರ್ಷಗಳು ಬೇಕಾದವು. ಇನ್ನು ಊರವರಿಗೆ ಎಲ್ಲಿ ಅರ್ಥವಾಗಬೇಕು.

ಎರಡು ಶಾಲೆಗಳು "ನಮ್ಮ ಕೈಲಿ ಆಗಲ್ಲ" ಎಂದು ಕೈತೊಳೆದುಕೊಂಡಿದ್ದವು. ಮೂರನೆಯದರಲ್ಲಿ ಇಂಥ ಮಕ್ಕಳಿಗೆಂದೇ ಒಬ್ಬರು ಸ್ಪೆಷಲ್ ಟೀಚರ್ ಇದ್ದರು. ಸಣ್ಣ ವಯಸ್ಸು, ಮೆಲ್ಲನೆ ಮಾತು, ಹಿಡಿದದ್ದು ಮಾತ್ರ ಉಡದ ಪಟ್ಟು. ಹುಡುಗನಿಗೆ ಗೋಡೆಗೆ ಬೆನ್ನು ಕೊಟ್ಟು ಕೂರುವಂತೆ ಮೂಲೆಯ ಜಾಗ ಕೊಡಿಸಿದರು. ಗಂಟೆ ಹೊಡೆಯುವ ಮುಂಚೆ ಅವನು ಕಿವಿ ಮುಚ್ಚಿಕೊಳ್ಳಲೆಂದು ಸನ್ನೆ ಮಾಡುತ್ತಿದ್ದರು. ಈಗ ಏನು, ಆಮೇಲೆ ಏನು ಎಂಬುದನ್ನು ಚಿತ್ರಗಳಲ್ಲಿ ಬರೆದು ಅವನ ಡೆಸ್ಕಿನ ಮೇಲೆ ಅಂಟಿಸಿದರು. ಕಡೆಗೆ ಕೂದಲಿನ ವಿಷಯಕ್ಕೂ ಕೈಹಾಕಿದರು.

"ದಿನಾ ಸಂಜೆ ಕತ್ತರಿನ ಅವನ ಕೈಗೇ ಕೊಡಿ," ಎಂದರು. "ಮೊದಲು ಅವನೇ ನಿಮ್ಮ ಕೂದಲು ಕತ್ತರಿಸಲಿ. ಆಮೇಲೆ ಅವನದು, ಒಂದು ಚಿಟಿಕೆ ಮಾತ್ರ. ಅದೂ ಅವನು 'ಸರಿ' ಅಂದ್ರೇನೇ. ಅವನು ಹೇಳದೆ ತಲೆ ಮುಟ್ಟಬೇಡಿ ಅಣ್ಣ, ಅದೊಂದು ತಪ್ಪಬೇಡಿ."

ಹೀಗಾಗಿ ಅಪ್ಪನ ತಲೆ ಇಲಿ ಕಡಿದ ಚಾಪೆಯಂತಾಯಿತು. ಗಿರಾಕಿಗಳಿಗೆ ನಗಲು ಇನ್ನೊಂದು ನೆಪ ಸಿಕ್ಕಿತು. ನಗಲಿ ಬಿಡಿ. ಎಷ್ಟೋ ವಾರಗಳ ಮೇಲೆ ಒಂದು ಸಂಜೆ ಹುಡುಗ ತನ್ನ ಕಿವಿಯ ಮೇಲಿನ ಕೂದಲನ್ನು ತಾನೇ ಹಿಡಿದು "ಸರಿ" ಎಂದ. ಅಪ್ಪ ಒಂದು ಚಿಟಿಕೆ ಕತ್ತರಿಸಿದ. ಆಮೇಲೆ ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟ.

ಅಷ್ಟರಲ್ಲಿ ಶಾಲೆಯಲ್ಲಿ ಹೇನು ಬಂತು. ಯಾರ ತಲೆಯಿಂದ ಯಾರ ತಲೆಗೆ ಹೋಯಿತೋ ದೇವರಿಗೇ ಗೊತ್ತು, ತಾಯಂದಿರೆಲ್ಲ ಬೆರಳು ಮಾಡಿದ್ದು ಮಾತ್ರ ದೊರೆಯ ಕಡೆಗೆ. ಹೆಡ್ ಮೇಡಂ ಅಪ್ಪನನ್ನು ಕರೆಸಿದರು.

"ಸೋಮವಾರದೊಳಗೆ ಕೂದಲು ತೆಗೆಸಿ ಕಳಿಸಿ. ಇಲ್ಲಾಂದ್ರೆ ಅವನು ಮನೇಲೇ ಇರಲಿ."

"ಸ್ವಲ್ಪ ಟೈಮ್ ಕೊಡಿ ಮೇಡಂ. ಈಗಷ್ಟೇ ದಾರಿಗೆ ಬರ್ತಿದ್ದಾನೆ."

"ಊರಿಗೆಲ್ಲ ಕಟಿಂಗ್ ಮಾಡೋರು ನೀವು. ನಿಮಗೇ ಟೈಮ್ ಬೇಕಾ?"

ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಹೊರಗೆ ಟೀಚರ್ ಹಿಂದೆಯೇ ಓಡಿಬಂದು, "ನಾನು ಮತ್ತೆ ಮಾತಾಡ್ತೀನಿ, ನೀವು ಅವಸರ ಮಾತ್ರ ಮಾಡಬೇಡಿ" ಎಂದರು. ಅವನು ಹೂಂ ಎಂದ. ಆದರೆ ಆ ಊರಿನಲ್ಲಿ ಮಗನನ್ನು ಸೇರಿಸಿಕೊಳ್ಳುವ ನಾಲ್ಕನೆಯ ಶಾಲೆ ಇರಲಿಲ್ಲ.

ಭಾನುವಾರ ಅಂಗಡಿ ತುಂಬಿತ್ತು. ದಪ್ಪನೆಯ ಗಿರಾಕಿಯೊಬ್ಬರು ಕುರ್ಚಿಯಲ್ಲೇ ಗೊರಕೆ ಹೊಡೆಯತೊಡಗಿದರು. ಅದೇನೂ ಹೊಸದಲ್ಲ, ಅವನ ಕೈ ಅಷ್ಟು ಹಗುರ. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, ಕೂದಲು ಮುಗಿಸಿ, ಗಡ್ಡವನ್ನೂ ತೆಗೆದ. ಬಟ್ಟೆ ಕೊಡವಿದಾಗಲೇ ಆ ಮಹಾಶಯರಿಗೆ ಎಚ್ಚರ. ನಿದ್ದೆಯಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲವಲ್ಲ ಎಂದು ಅವನಿಗೆ ಥಟ್ಟನೆ ಹೊಳೆಯಿತು. ಮಿಕ್ಕವರನ್ನು ನಾಳೆ ಬನ್ನಿ ಎಂದು ಸಾಗಹಾಕಿ, ಬಾಗಿಲೆಳೆದು ಮನೆಗೆ ಬಂದ. ಹುಡುಗ ಮಧ್ಯಾಹ್ನದ ನಿದ್ದೆಯಲ್ಲಿದ್ದ.

"ಬೇಡ ರೀ," ಎಂದಳು ಹೆಂಡತಿ. "ಟೀಚರ್ ಏನು ಹೇಳಿದ್ರು?"

"ಟೀಚರ್ ಹೇಳ್ತಾರೆ. ನಾಳೆ ಗೇಟ್ ಹತ್ರ ಅವನ ಕೈ ಹಿಡ್ಕೊಂಡು ವಾಪಸ್ ಬರೋನು ನಾನು."

ಕತ್ತರಿಗೆ ಸದ್ದಾಗದಂತೆ ಎಣ್ಣೆ ಬಿಟ್ಟ. ಉಸಿರು ಬಿಗಿಹಿಡಿದು ಒಂದು ಬದಿ ಮುಗಿಸಿದ, ಹುಡುಗ ತಾನಾಗಿ ಮಗ್ಗುಲು ಬದಲಿಸಿದಾಗ ಇನ್ನೊಂದು ಬದಿಯನ್ನೂ ಮುಗಿಸಿದ. ಅಷ್ಟು ಚೆಂದದ ಕಟಿಂಗ್ ಅವನು ಆ ವರ್ಷ ಯಾರಿಗೂ ಮಾಡಿರಲಿಲ್ಲ. ಕತ್ತಿನ ಹಿಂದೆ ನಾಲ್ಕು ಎಳೆ ಉಳಿದಿತ್ತು. ಅಲ್ಲಿ ಕತ್ತರಿಯ ತುದಿ ತಣ್ಣಗೆ ತಗುಲಿತು.

ಹುಡುಗ ಕಣ್ಣು ಬಿಟ್ಟ. ಕಿರುಚಲಿಲ್ಲ. ಕಿರುಚಿದ್ದರೆ ಎಷ್ಟೋ ವಾಸಿ. ದಿಂಬಿನ ಮೇಲಿನ ಕೂದಲು ನೋಡಿದ, ತಲೆ ಮುಟ್ಟಿ ನೋಡಿದ. ಒಂದು ಹಿಡಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡ; ಅದು ಜಾರಿತು, ಮತ್ತೆ ಇಟ್ಟುಕೊಂಡ.

"ನಾನು ಸರಿ ಅನ್ಲಿಲ್ಲ," ಎಂದ.

ಸೋಮವಾರ ಹೆಡ್ ಮೇಡಂ ಮುಖ ಅರಳಿತು. "ನೋಡಿ, ಮನಸ್ಸು ಮಾಡಿದ್ರೆ ಆಗುತ್ತೆ," ಎಂದರು. ಆ ಮೇಡಂಗೆ ಏನು ಗೊತ್ತು, ಹಿಂದಿನ ರಾತ್ರಿ ಹುಡುಗ ಒಂದು ನಿಮಿಷವೂ ಮಲಗಿರಲಿಲ್ಲ. ಮರುದಿನವೂ ಮಲಗಲಿಲ್ಲ, ಅದರ ಮರುದಿನವೂ. ಗೋಡೆಗೆ ಬೆನ್ನು ಒತ್ತಿ ಕೂತು, ರೆಪ್ಪೆ ಭಾರವಾದ ಕೂಡಲೇ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಎದ್ದು ನಿಲ್ಲುತ್ತಿದ್ದ. ಅಪ್ಪ ಎದ್ದು ನೀರು ಕುಡಿದರೂ ಅವನ ಕಣ್ಣು ಅಪ್ಪನ ಕೈಯ ಮೇಲೆ. ಕತ್ತರಿಯನ್ನು ಅವನ ಕಣ್ಣೆದುರೇ ಕಸಕ್ಕೆ ಹಾಕಿದ್ದೂ ಆಯಿತು, ಕಾಲು ಹಿಡಿದು ಕ್ಷಮೆ ಕೇಳಿದ್ದೂ ಆಯಿತು. ಏನೂ ಪ್ರಯೋಜನವಾಗಲಿಲ್ಲ.

ಆಮೇಲೆ ಟೀಚರ್ ಅಪ್ಪನನ್ನು ಕರೆಸಿದರು. "ಕ್ಲಾಸಿಗೆ ಬಂದ ತಕ್ಷಣ ಮಲಗ್ತಾನೆ ಅಣ್ಣ. ಗಂಟೆ ಹೊಡೆದ್ರೂ ಏಳಲ್ಲ. ಮನೇಲಿ ಏನಾಯ್ತು?"

ಅವನು ಒಂದೂ ಮುಚ್ಚಿಡದೆ ಹೇಳಿದ. ಬೈದರೆ ಬೈಯಲಿ ಎಂದು ಕಾದ. ಅವರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ಇಲ್ಲಿ ಮಾತ್ರ ಹೇಗೆ ನಿದ್ದೆ ಬರುತ್ತೆ ಮೇಡಂ ಅವನಿಗೆ?"

ಅವರು ಹೇಳಲೋ ಬೇಡವೋ ಎಂದು ಅವನ ಮುಖ ನೋಡಿದರು. "ಇಲ್ಲಿ ಯಾರೂ ಕೇಳದೆ ಮುಟ್ಟಲ್ಲ ಅಂತ ಅವನಿಗೆ ಗೊತ್ತು."

ಅಂದು ಸಂಜೆ ಅಂಗಡಿ ಮುಚ್ಚಿದ ಮೇಲೆ ಅವನು ಮನೆಗೆ ಹೋಗಲಿಲ್ಲ. ಒಳಗಿನಿಂದ ಬಾಗಿಲು ಹಾಕಿಕೊಂಡು ಹೆಂಡತಿಗೆ ಫೋನ್ ಮಾಡಿದ.

"ಊಟ ಮಾಡಿದ್ನಾ?"

"ಮಾಡಿದ. ನೀವು ಬರ್ತೀರಾ ಅಂತ ಬಾಗಿಲೇ ನೋಡ್ಕೊಂಡು ಕೂತಿದ್ದಾನೆ."

"ಬರಲ್ಲ ಅನ್ನು."

ಅವಳು ಹೇಳಿದ್ದು ಕೇಳಿಸಿತು. ಹುಡುಗ ಏನೋ ಕೇಳಿದ್ದೂ ಕೇಳಿಸಿತು.

"ನಾಳೆ ಬರ್ತೀರಾ ಅಂತ ಕೇಳ್ತಿದ್ದಾನೆ ರೀ."

"ನಾಳೆನೂ ಬರಲ್ಲ ಅನ್ನು. ಅವನು ಸರಿ ಅನ್ನೋವರೆಗೂ ಬರಲ್ಲ ಅನ್ನು."

ಅವಳು ಹೇಳಿದಳು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು, ಆ ಒಂದು ಮಾತು ಬಂದೀತೇ ಎಂದು ತುಂಬಾ ಹೊತ್ತು ಕಾದ.

"ಮಲಗಿಬಿಟ್ಟ ರೀ," ಎಂದಳು ಹೆಂಡತಿ.