ನನಗೆ ಮಾತ್ರ ಕಂಡ ಏಳು ಕೋಶಗಳು

ಶಕುನ, ಮುನ್ಸೂಚನೆ ಎಂದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ನಕ್ಕು ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ನಕ್ಕರೆ ನನಗೆ ಸಿಟ್ಟಿಲ್ಲ.

ಪುಣೆಯ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್ ಬಹಳ ಬೇಗ ಹಬ್ಬುತ್ತದೆ. ಗಡ್ಡೆಯಿಂದ ಕಳಚಿಕೊಂಡ ಕೋಶಗಳು ರಕ್ತದಲ್ಲಿ ತಿರುಗಾಡುತ್ತವೆ, ಅವನ್ನು ಹುಡುಕಿ ಎಣಿಸಬೇಕು. ರಕ್ತದ ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ನಂಬರ್ ಅಷ್ಟೇ. ಇಬ್ಬರು ಬೇರೆ ಬೇರೆ ಎಣಿಸಿ, ಚೀಟಿಯಲ್ಲಿ ಬರೆದು, ಆಮೇಲೆ ತಾಳೆ ನೋಡಬೇಕು. ಒಬ್ಬರಿಗೇ ಕಂಡದ್ದು ಲೆಕ್ಕಕ್ಕಿಲ್ಲ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಊಟ ಮುಗಿಸಿ ಬಂದು ಒಂದು ಸ್ಲೈಡ್ ನೋಡಿದೆ. ಏಳು ಕೋಶಗಳು. ಮೂರು ಒಂದಕ್ಕೊಂದು ಅಂಟಿಕೊಂಡಿದ್ದವು, ನಾಲ್ಕು ಅಂಚಿನಲ್ಲಿದ್ದವು. ಏಳು ಎಂದು ಬರೆದೆ. ಜೊತೆಯಲ್ಲಿ ಎಣಿಸುವ ಸುನಂದಾತಾಯಿ, ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ, ಸೊನ್ನೆ ಬರೆದಿದ್ದಳು. ಮತ್ತೆ ನೋಡಿದೆ, ಒಂದೂ ಇಲ್ಲ. ಯಂತ್ರ ತೆಗೆದಿಟ್ಟ ಚಿತ್ರಗಳಲ್ಲೂ ಇಲ್ಲ. ರಾತ್ರಿ ನಿದ್ದೆಯಾಗಿಲ್ಲವೇನೇ ಎಂದು ಅವಳು ಮರಾಠಿಯಲ್ಲಿ ಛೇಡಿಸಿದಳು. ಸೊನ್ನೆಯೇ ವರದಿಯಾಯಿತು. ಚೀಟಿಯನ್ನು ಪರ್ಸಿಗೆ ತುರುಕಿಕೊಂಡೆ.

ಆ ಭಾನುವಾರ ಪುಣೆಯಲ್ಲೇ ಬಿಬವೇವಾಡಿಯಲ್ಲಿದ್ದ ವಸಂತಕಾಕಾನ ಮನೆಗೆ ಹೋದೆ. ಅಪ್ಪನ ತಮ್ಮ, ಧಾರವಾಡದಿಂದ ಕರೆತಂದು ನನ್ನನ್ನು ಓದಿಸಿದವರು. ಅವರಿಗೂ ಅದೇ ಕ್ಯಾನ್ಸರ್, ಕಿಮೊ ಮುಗಿದಿತ್ತು. ಅವರ ರಕ್ತ ನಮ್ಮಲ್ಲಿಗೇ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಅವರು ಹಿಗ್ಗಿನಿಂದ ಮುಂದೆ ಹಿಡಿದ ವರದಿಯ ಮೇಲೆ ಆ ಸ್ಲೈಡಿನದೇ ನಂಬರ್ ಇತ್ತು.

"ಸೊನ್ನಿ ಬಂದದ ನೋಡವ್ವ. ಮುಂದಿನ ವಾರದ ಸ್ಕ್ಯಾನ್ ಸದ್ಯ ಬ್ಯಾಡ, ಎರಡು ತಿಂಗಳು ಬಿಟ್ಟು ಮಾಡಸ್ತೀನಿ."

"ಈಗಽ ಮಾಡಿಸಿಬಿಡ್ರಿ ಕಾಕಾ."

"ಯಾಕ, ನೀ ಏನರ ನೋಡೀಯೇನು?"

"ಇಲ್ರಿ" ಎಂದೆ. ನೋಡಿದ್ದೆ, ಆದರೆ ನಿಯಮದ ಪ್ರಕಾರ ನೋಡಿರಲಿಲ್ಲ.

ಎರಡು ತಿಂಗಳಿಗೆ ತಲೆನೋವು ಶುರುವಾಗಿ ಸ್ಕ್ಯಾನ್ ಆಯಿತು. ಮೆದುಳಿಗೆ ಹಬ್ಬಿತ್ತು. ಮತ್ತೆ ಕೊಟ್ಟ ರಕ್ತದ ನಂಬರನ್ನು ಈ ಸಲ ಕಾಕಾನಿಂದಲೇ ಕೇಳಿಕೊಂಡಿದ್ದೆ. ಯಾರದೆಂದು ತಿಳಿದವರು ಎಣಿಸುವಂತಿಲ್ಲ, ಹಾಗಾಗಿ ಅದನ್ನು ಮುಟ್ಟಲಿಲ್ಲ. ಸುನಂದಾತಾಯಿಯೂ ಇನ್ನೊಬ್ಬಳೂ ಎಣಿಸಿದರು. ಎರಡೂ ಚೀಟಿಯಲ್ಲಿ ಏಳು. ಚಿತ್ರ ನೋಡಿದೆ: ಮೂರು ಅಂಟಿಕೊಂಡಿದ್ದವು, ನಾಲ್ಕು ಅಂಚಿನಲ್ಲಿದ್ದವು.

ದಣಿದ ಕಣ್ಣು ಎನ್ನೋಣವೆಂದರೆ, ಅದು ಎರಡು ತಿಂಗಳು ಮೊದಲೇ ಸರಿಯಾಗಿ ಎಣಿಸಿದ್ದು ಹೇಗೆ? ಬೇಗ ಸ್ಕ್ಯಾನ್ ಆಗಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಕಾಕಾ ಹೋಗಿ ವರ್ಷವಾಯಿತು. ಚೀಟಿ ಇನ್ನೂ ಪರ್ಸಿನಲ್ಲಿದೆ, ನನ್ನದೇ ಅಕ್ಷರ. ಅವರು ಕೇಳಿದ್ದು ಒಂದೇ ಪ್ರಶ್ನೆ, ನಾನು ಇಲ್ಲ ಎಂದೆ. ಅದು ಸುಳ್ಳೋ ನಿಜವೋ ಇವತ್ತಿಗೂ ನನಗೆ ಗೊತ್ತಿಲ್ಲ.