ಮನೆ ಕೇಳಲು ಬಂದವಳು

ಮಾತಿ ಎಂಬ ಹೆಂಗಸಿಗೆ ಮುಂಚೆ ಹೊಟ್ಟೆಕಿಚ್ಚೇ ಇರಲಿಲ್ಲ ಎಂದರೆ ಅವಳೇ ನಕ್ಕುಬಿಡುತ್ತಾಳೆ. ಇತ್ತು. ಪಕ್ಕದವರ ಕ್ಯಾರೆಟ್ ತನ್ನ ಹೊಲದ ಕ್ಯಾರೆಟ್‌ಗಿಂತ ಕೆಂಪಾದರೆ ಇತ್ತು, ನಾದಿನಿಯ ಸೊಸೆ ಅವಳಿಜವಳಿ ಹೆತ್ತಾಗಲೂ ಇತ್ತು. ಅದೆಲ್ಲ ನೆಗಡಿಯ ಹಾಗೆ, ಬಂದು ಹೋಗುವಂಥದ್ದು. ಐವತ್ತೆಂಟನೆಯ ವಯಸ್ಸಿನಲ್ಲಿ ಬಂದದ್ದು ಮಾತ್ರ ಚಾಪೆ ಹಾಸಿ ಕೂತೇಬಿಟ್ಟಿತು. ಅದಕ್ಕೊಂದು ಹೆಸರೂ ಇತ್ತು, ಸುಗನ್ಯಾ. ಮೈದುನನ ಹೆಂಡತಿ, ಎರಡು ಮನೆ ಆಚೆ ಇರುವವಳು.

ನೀಲಗಿರಿಯ ಕೆತ್ತಿ ಕಣಿವೆಯ ಇಳಿಜಾರಿನಲ್ಲಿ ಅರವತ್ತೈದು ಮನೆಯ ಊರು ಅದು. ಎಲ್ಲರೂ ಬಡಗರು, ಎಲ್ಲರೂ ಕ್ರಿಶ್ಚಿಯನ್ನರು. ಮಾತಿಯ ಮುತ್ತಜ್ಜನೂ ಅವಳ ಗಂಡ ಹಾಲನ ಮುತ್ತಜ್ಜನೂ ಒಂದೇ ದಿನ ದೀಕ್ಷಾಸ್ನಾನ ತೆಗೆದುಕೊಂಡು, ತಂತಮ್ಮ ಹಟ್ಟಿಗಳಿಂದ ಹೊರಬಿದ್ದು, ಯಾರಿಗೂ ಬೇಡದ ಈ ಕಲ್ಲು ಇಳಿಜಾರಿಗೆ ಬಂದವರು. ಈಗ ಹಟ್ಟಿಯವರಿಗೂ ಇವರಿಗೂ ಮದುವೆಯ ಕರೆಯೋಲೆ, ಸಾವಿನ ಸುದ್ದಿ ಎಲ್ಲ ನಡೆಯುತ್ತದೆ. ಊರಿನವರಿಗೆಲ್ಲ ಎರಡೆರಡು ಹೆಸರು. ಚರ್ಚಿನಲ್ಲಿ ಅವಳು ಪ್ರಿಸ್ಕಿಲ್ಲಾ, ಒಲೆಯ ಮುಂದೆ ಮಾತಿ. ಹಾಲನಿಗೂ ಒಂದು ಉದ್ದನೆಯ ಬೈಬಲ್ ಹೆಸರುಂಟು. ಮದುವೆಯ ದಿನ ಪಾದ್ರಿ ಆ ಹೆಸರು ಕೂಗಿದಾಗ, ಯಾರನ್ನು ಕರೆಯುತ್ತಿದ್ದಾರೆಂದು ಅವನೇ ಹಿಂದೆ ತಿರುಗಿ ನೋಡಿದ್ದನಂತೆ.

ಸುಗನ್ಯಾ ಹಾಗಲ್ಲ. ಕಟ್ಟಬೆಟ್ಟಿನ ಕಡೆಯ ಹಿಂದೂ ಹಟ್ಟಿಯಲ್ಲಿ ಹುಟ್ಟಿ, ಕಾಲೇಜಿನಲ್ಲಿ ಮಾತಿಯ ಮೈದುನನನ್ನು ಮೆಚ್ಚಿ, ಮದುವೆಗೆ ಮುಂಚಿನ ವಾರ ದೀಕ್ಷಾಸ್ನಾನ ಪಡೆದವಳು. ಆಗ ಅವಳಿಗೆ ಬೈಬಲ್ ಯಾವ ಕಡೆಯಿಂದ ತೆರೆಯಬೇಕೆಂದು ಹೇಳಿಕೊಟ್ಟವಳು ಮಾತಿ. ಕೀರ್ತನೆ ಹೇಳಿಕೊಟ್ಟವಳೂ ಮಾತಿ. ಮುಂಚೆ ಬಂದ ಕಿವಿಗಿಂತ ಆಮೇಲೆ ಬಂದ ಕೋಡೇ ಚೂಪು ಎನ್ನುತ್ತಾರಲ್ಲ, ಆ ಕೋಡಿಗೆ ಎಣ್ಣೆ ಸವರಿ ಬೆಳೆಸಿದ್ದು ಈ ಕಿವಿಯೇ.

ಆ ಸಭೆಯ ಆಡಳಿತವನ್ನು ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮಾತಿಯ ಸಂಕಟ ಅರ್ಥವಾಗುವುದಿಲ್ಲ. ಪಾದ್ರಿ ಇರುವುದು ಕೂನೂರಿನಲ್ಲಿ, ಅವರ ತಲೆಯ ಮೇಲೆ ಇಂಥ ಏಳೆಂಟು ಊರುಗಳು. ತಿಂಗಳ ಮೊದಲ ಭಾನುವಾರ ಬಂದು, ರೊಟ್ಟಿ ದ್ರಾಕ್ಷಾರಸ ಹಂಚಿ ಕರ್ತನ ಭೋಜನ ಕೊಟ್ಟು ಹೋಗುತ್ತಾರೆ. ಉಳಿದ ದಿನಗಳಲ್ಲಿ ಸಭೆ ನಡೆಸುವವರು ಐದು ಮಂದಿ ಹಿರಿಯರು. ಆರಾಧನೆ ನಡೆಸುವುದು, ರೋಗಿಗಳನ್ನು ನೋಡುವುದು, ಗಂಡಹೆಂಡಿರ ಜಗಳ ಬಿಡಿಸುವುದು, ಸತ್ತವರಿಗೆ ಮಣ್ಣು ಕೊಡಿಸುವುದು ಎಲ್ಲ ಅವರದೇ. ತಮ್ಮ ಮನೆಗಳನ್ನು ಬಿಟ್ಟು ಒಬ್ಬೊಬ್ಬರಿಗೆ ಹನ್ನೆರಡು ಮನೆ. ಮೂರು ವರ್ಷಕ್ಕೊಮ್ಮೆ ಚುನಾವಣೆ. ಐದರಲ್ಲಿ ಒಂದು ಜಾಗ ಹೆಂಗಸರಿಗೆ ಎಂದು ಪಾದ್ರಿ ತೀರ್ಮಾನ ಮಾಡಿಸಿದ್ದು ಈ ಸಲ, ಹೊಸದಾಗಿ.

ಹಿರಿಯರ ಕೆಲಸಗಳಲ್ಲೆಲ್ಲ ದೊಡ್ಡದು ‘ಮನೆ ಕೇಳುವುದು’. ಕರ್ತನ ಭೋಜನಕ್ಕೆ ಮುಂಚಿನ ವಾರ ಹಿರಿಯರು ತಮ್ಮ ಪಾಲಿನ ಪ್ರತಿ ಮನೆಯ ಬಾಗಿಲಿಗೂ ಹೋಗಿ, ಮನಸ್ಸಿನಲ್ಲಿ ಯಾರ ಮೇಲಾದರೂ ಏನಾದರೂ ಇದೆಯಾ ಎಂದು ಒಬ್ಬೊಬ್ಬರನ್ನೂ ಕೇಳಬೇಕು. ಇಲ್ಲ ಎಂದವರು ಭಾನುವಾರ ರೊಟ್ಟಿ ಮುರಿಯಬಹುದು. ಇದೆ ಎಂದರೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಒಬ್ಬರ ಕೈಗೆ ಒಬ್ಬರ ಕೈ ಕೊಡಿಸಿ ರಾಜಿ ಮಾಡಿಸಬೇಕು. ಕೈ ಕೊಡುವ ತನಕ ಇಬ್ಬರಿಗೂ ರೊಟ್ಟಿಯಿಲ್ಲ, ತಪ್ಪು ಯಾರದೇ ಇರಲಿ. ಮುತ್ತಜ್ಜಂದಿರ ಕಾಲದ ಕಟ್ಟಳೆ. ಸುತ್ತಲಿನ ಸಭೆಗಳೆಲ್ಲ ಬಿಟ್ಟಿದ್ದರೂ ಇವರು ಬಿಟ್ಟಿಲ್ಲ.

ಹೆಂಗಸರ ಜಾಗ ತನ್ನದೇ ಎಂದು ಮಾತಿ ಆಗಲೇ ನಿಶ್ಚಯ ಮಾಡಿಕೊಂಡಿದ್ದಳು. ಶನಿವಾರ ಬಂದರೆ ಚರ್ಚಿನ ನೆಲ ತೊಳೆಯುವವಳು ಯಾರು? ಹೊಳೆಬದಿಯ ಬಿಳಿ ಲಿಲ್ಲಿ ಕೊಯ್ದು ಮೇಜಿನ ಮೇಲೆ ಇಡುವವಳು ಯಾರು? ಪಾದ್ರಿ ಬಂದ ದಿನ ಅವರೆಕಾಳಿನ ಸಾರು ಮಾಡಿ ಬಡಿಸುವವಳು ಯಾರು? ಸುಗನ್ಯಾ ಏನು ಮಾಡುತ್ತಾಳೆ? ನಗುತ್ತಾಳೆ. ಆಸ್ಪತ್ರೆಗೆ ಹೋದವರ ಜೊತೆ ಹೋಗಿ, ತಮಿಳಿನಲ್ಲಿ ಡಾಕ್ಟರ ಹತ್ತಿರ ಪಟಪಟ ಮಾತಾಡುತ್ತಾಳೆ. ಹಲ್ಲು ತೋರಿಸುವುದು ಒಂದು ಸೇವೆಯೇ?

ಸುಗ್ಗಿಯ ಹಬ್ಬ ಮುಗಿದ ಮೇಲಿನ ಭಾನುವಾರ ಚುನಾವಣೆ. ನಿಂತವರು ಚರ್ಚಿನ ಹೊರಗೆ, ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಒಳಗೆ ಬಾಗಿಲು ಹಾಕಿಕೊಂಡು ಕೈ ಎತ್ತುತ್ತಾರೆ. ಯಾರು ಯಾರಿಗೆ ಎತ್ತಿದರು ಎಂಬುದು ಹೊರಗಿದ್ದವರಿಗೆ ಗೊತ್ತಾಗಬಾರದು. ಅಂದು ಕಣಿವೆಯಿಂದ ಮಂಜು ಏರಿ ಬರುತ್ತಿತ್ತು. ಗೋಡೆ ನೋಡುತ್ತಾ ನಿಂತಿದ್ದ ಮಾತಿಯ ಹೆಗಲ ಮೇಲೆ ಸುಗನ್ಯಾ ತನ್ನ ಶಾಲಿನ ಅರ್ಧ ಹೊದೆಸಿದಳು.

“ಚಳಿ ಅಕ್ಕ,” ಎಂದಳು.

ಸೋಲುವವಳು ಎಷ್ಟು ಚೆನ್ನಾಗಿ ನಡೆದುಕೊಳ್ಳುತ್ತಿದ್ದಾಳೆ ಎಂದು ಮಾತಿಗೆ ಕನಿಕರವೇ ಬಂತು. ಅಷ್ಟರಲ್ಲಿ ಹಿರಿಯರಲ್ಲೆಲ್ಲ ಹಿರಿಯನಾದ ಭೀಮ ಬಾಗಿಲು ತೆರೆದು ಸುಗನ್ಯಾಳ ಹೆಸರು ಕೂಗಿದ. ಒಂದೇ ಶಾಲಿನಲ್ಲಿದ್ದ ಇಬ್ಬರಲ್ಲಿ ಒಬ್ಬಳು ಒಳಗೆ ಹೋದಳು. ಶಾಲು ಪೂರ್ತಿ ಮಾತಿಯ ಹೆಗಲ ಮೇಲೇ ಉಳಿಯಿತು. ಆ ಶಾಲನ್ನು ಅವಳು ಮನೆಗೆ ಹೋಗಿ ಬಕೆಟ್ಟಿನಲ್ಲಿ ನೆನೆಹಾಕಿದಳು, ಮೂರು ದಿನ ಒಗೆಯಲಿಲ್ಲ.

ಗಾಯದ ಮೇಲೆ ಉಪ್ಪು ಬಿದ್ದದ್ದು ಆಮೇಲೆ. ಮನೆಗಳನ್ನು ಹಂಚಿದಾಗ ಮಾತಿಯ ಸಾಲು ಸುಗನ್ಯಾಳ ಪಾಲಿಗೆ ಬಂತು. ತಿಂಗಳ ಕೊನೆಗೆ ಅವಳು ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಬೈಬಲ್, ಮುಖದಲ್ಲಿ ಹೊಸ ಸೊಸೆಯ ನಾಚಿಕೆ.

“ಅಕ್ಕ, ನಿನ್ನ ಮನಸೊಳಗ ದಾರ ಮೇಲಾದರೂ ಏನಾದರೂ ಉಂಟಾ?”

“ಇಲ್ಲೆ,” ಎಂದಳು ಮಾತಿ. ಮೂವತ್ತು ವರ್ಷ ಹೇಳಿ ಅಭ್ಯಾಸವಾದ ಮಾತು, ನಾಲಿಗೆ ತಾನಾಗಿ ಆಡಿತು.

ಭಾನುವಾರ ಪಾದ್ರಿ ರೊಟ್ಟಿ ಕೊಡುತ್ತಾ ಬಂದರೆ, ಹಿಂದೆಯೇ ದ್ರಾಕ್ಷಾರಸದ ಬಟ್ಟಲು ಹಿಡಿದು ಸುಗನ್ಯಾ ಬಂದಳು. ಒಬ್ಬೊಬ್ಬರು ಕುಡಿದಂತೆ ಬಿಳಿ ಬಟ್ಟೆಯಿಂದ ಅಂಚು ಒರೆಸುತ್ತಿದ್ದಳು, ಎಷ್ಟೋ ವರ್ಷದಿಂದ ಮಾಡಿದವಳ ಹಾಗೆ. ಮಾತಿ ಮೊಣಕಾಲೂರಿ ಬಾಯಿ ತೆರೆದಳು. ಗಂಟಲಲ್ಲಿ ಇಳಿದದ್ದು ರಸವೋ ಕೆಂಡವೋ ಅವಳಿಗೇ ತಿಳಿಯಲಿಲ್ಲ. ಆ ಬಟ್ಟಲು ತನ್ನ ಕೈಯಲ್ಲಿ ಇರಬೇಕಾಗಿತ್ತು ಎಂಬುದೊಂದೇ ಅವಳ ಪ್ರಾರ್ಥನೆ.

ಕ್ಯಾರೆಟ್ ಕೀಳುತ್ತಿದ್ದ ಒಂದು ಬೆಳಿಗ್ಗೆ ಅವಳಿಗೆ ದಾರಿ ಹೊಳೆಯಿತು. ಎಷ್ಟು ಸುಲಭ! ಸುಳ್ಳು ಹೇಳಬೇಕಾಗಿಲ್ಲ, ಚಾಡಿ ಹೇಳಬೇಕಾಗಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕು. ಮುಂದಿನ ಸಲ ಸುಗನ್ಯಾ ಬಾಗಿಲಿಗೆ ಬಂದು ಕೇಳಿದಾಗ ಮಾತಿ ಅವಳ ಮುಖವನ್ನೇ ನೋಡುತ್ತಾ ಹೇಳಿದಳು.

“ಉಂಟು. ನಿನ್ನ ಮೇಲೆ.”

ಸುಗನ್ಯಾ ಬೆಚ್ಚಿದಳು. “ನಾ ಏನ ಮಾಡಿದೆ ಅಕ್ಕ?”

“ನೀ ಏನೂ ಮಾಡಿಲ್ಲೆ. ನಿನ್ನ ಕಂಡರೆ ಎನಗ ಹೊಟ್ಟೆಕಿಚ್ಚು.”

“ಹಂಗಾರೆ ಕೈ ಕೊಡು ಅಕ್ಕ. ಇಲ್ಲೇ ಮುಗಿಸುವ.”

“ಮನಸಿಲ್ಲದೆ ಕೈ ಕೊಟ್ಟರೆ ಕರ್ತನಿಗ ಸುಳ್ಳು ಹೇಳಿದಂಗೆ,” ಎಂದಳು ಮಾತಿ. ಹೇಳುವಾಗ ಎಂಥ ಸುಖವಾಯಿತೆಂದರೆ, ಒಳಗೆ ಹೋಗಿ ಒಂದು ಲೋಟ ಕಾಫಿಯನ್ನು ಸಕ್ಕರೆ ಜಾಸ್ತಿ ಹಾಕಿ ಕುಡಿದಳು.

ಕಟ್ಟಳೆ ಎಂದರೆ ಕಟ್ಟಳೆ. ಆ ಭಾನುವಾರ ಬಟ್ಟಲು ಹಿಡಿದವನು ಭೀಮ. ರೊಟ್ಟಿಯಿಲ್ಲದವರು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರಬೇಕು. ಒಂದು ತುದಿಯಲ್ಲಿ ಮಾತಿ, ಇನ್ನೊಂದು ತುದಿಯಲ್ಲಿ ಸುಗನ್ಯಾ. ಸಭೆಯೆಲ್ಲ ಅವರನ್ನು ನೋಡಿತು, ಮಾತಿ ನೆಟ್ಟಗೆ ಕೂತು ನೋಡಿಸಿಕೊಂಡಳು. ಬಿದ್ದಳಲ್ಲ ಕೋಡಿನವಳು!

ತಾನೊಂದು ಬಗೆದರೆ ದೈವ ಬೇರೊಂದು ಬಗೆಯಿತು. ಆರಾಧನೆ ಮುಗಿದು ಹೊರಗೆ ಬಂದದ್ದೇ ತಡ, ಹೆಂಗಸರೆಲ್ಲ ಸುಗನ್ಯಾಳ ಸುತ್ತ ಸೇರಿದರು. ಒಬ್ಬಳು ಕೈ ಹಿಡಿದಳು, ಒಬ್ಬಳು ತಲೆ ಸವರಿದಳು. ಎಷ್ಟು ತಗ್ಗಿದ ಮನಸ್ಸು, ಒಂದು ಮಾತಾಡದೆ ಕೂತಳಲ್ಲ ಎಂದರು. ಪಾದ್ರಿಯವರು ಕೂಡ ಅವಳ ಹತ್ತಿರ ನಿಂತು ಏನೋ ಸಮಾಧಾನ ಹೇಳಿದರು. ಮಾತಿಯ ಹತ್ತಿರ ಬಂದದ್ದು ಹಾಲ ಒಬ್ಬನೇ, ಮನೆಯ ಬೀಗದ ಕೈ ಕೇಳಲು. ಶಿಕ್ಷೆಯಲ್ಲೂ ಮೊದಲ ಬಹುಮಾನ ಸುಗನ್ಯಾಳಿಗೇ ಹೋಯಿತಲ್ಲ ಎಂದು ದಾರಿಯುದ್ದಕ್ಕೂ ಅವಳ ಹೊಟ್ಟೆ ಉರಿಯಿತು.

“ಕೈ ಕೊಟ್ಟುಬುಡು ಮಾತಿ,” ಎಂದ ಹಾಲ ಊಟಕ್ಕೆ ಕೂತಾಗ. “ಎನ್ನ ತಮ್ಮನ ಮುಖ ನೋಡಲು ಎನಗ ಆಗದಿಲ್ಲೆ.”

“ನೋಡಬೇಡ,” ಎಂದಳು ಮಾತಿ.

ಸುಗನ್ಯಾ ಮಾತ್ರ ಮರುತಿಂಗಳೂ ಬಂದಳು. ಅದರ ಮರುತಿಂಗಳೂ ಬಂದಳು. ಅದೇ ಪ್ರಶ್ನೆ, ಮಾತಿಯದು ಅದೇ ಉತ್ತರ. ಆದರೆ ಈಗ ಪ್ರಶ್ನೆ ಬಾಗಿಲಲ್ಲೇ ಮುಗಿಯುತ್ತಿರಲಿಲ್ಲ. ಸುಗನ್ಯಾ ಒಳಗೆ ಬಂದು ಮಣೆಯ ಮೇಲೆ ಕೂರುತ್ತಿದ್ದಳು. “ಇನ್ನೂ ಉಂಟಾ ಅಕ್ಕ? ಚೂರಾದರೂ ಕಮ್ಮಿ ಆತಾ?” ಎಂದು ಕೇಳುತ್ತಿದ್ದಳು, ಗಾಯ ನೋಡಲು ಬಂದ ನರ್ಸಿನಂತೆ. ಮಾತಿಯೂ ಬಚ್ಚಿಡದೆ ಹೇಳುತ್ತಿದ್ದಳು. ನೀನು ನಕ್ಕರೆ ಎಲ್ಲರೂ ನಗುತ್ತಾರೆ, ಅದು ನನಗೆ ಆಗುವುದಿಲ್ಲ. ನೀನು ಹಾಡಿದರೆ ಪಾದ್ರಿ ಕಣ್ಣು ಮುಚ್ಚಿ ಕೇಳುತ್ತಾರೆ, ನಾನು ಹಾಡಿದರೆ ಗಡಿಯಾರ ನೋಡುತ್ತಾರೆ. ಹುಟ್ಟಿದಾಗಿನಿಂದ ಯಾರಿಗೂ ಹೇಳದ್ದನ್ನೆಲ್ಲ, ಯಾರ ಮೇಲೆ ಉರಿಯುತ್ತಿತ್ತೋ ಅವಳಿಗೇ ಹೇಳುತ್ತಿದ್ದಳು. ಸುಗನ್ಯಾ ಕೆಲವು ಸಲ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಒಂದು ಸಲ ನಗು ತಡೆಯಲಾರದೆ ನಕ್ಕೂಬಿಟ್ಟಳು. ಎದ್ದು ಹೋಗುವಾಗ ಕೈ ಚಾಚುತ್ತಿದ್ದಳು. ಮಾತಿ ಕೊಡುತ್ತಿರಲಿಲ್ಲ.

ಕೊಟ್ಟರೆ ಮುಗಿಯಿತಲ್ಲ! ಈ ಊರಿಗೆಲ್ಲ ಬೇಕಾದವಳಿಗೆ ಬೇಕಾದ ಒಂದು ವಸ್ತು ಮಾತಿಯ ಹತ್ತಿರ ಇತ್ತು. ಅದನ್ನು ಕೇಳಿಕೊಂಡು ಅವಳು ತಿಂಗಳು ತಿಂಗಳೂ ಬರುತ್ತಿದ್ದಳು. ಮನೆ ಕೇಳುವ ದಿನ ಬೆಳಿಗ್ಗೆಯೇ ಮಾತಿ ಅಂಗಳ ಗುಡಿಸಿ, ಹಿಟ್ಟು ಕಲಸಿ, ಎಣ್ಣೆ ಕಾಯಿಸಲು ಇಡುತ್ತಿದ್ದಳು. ಯಾರಿಗೆ ಇಷ್ಟೊಂದು ಸಡಗರ ಎಂದು ಹಾಲ ಕೇಳಿದರೆ, ಹಬ್ಬ ಹತ್ತಿರ ಬಂತು ಎನ್ನುತ್ತಿದ್ದಳು. ಯಾವ ಹಬ್ಬವೂ ಹತ್ತಿರವಿರಲಿಲ್ಲ.

ಹಾಗೆ ಎಣ್ಣೆ ಕಾಯುತ್ತಿದ್ದ ಒಂದು ಸಂಜೆ ಬಾಗಿಲಲ್ಲಿ ಕೆಮ್ಮು ಕೇಳಿತು. ಬಂದವನು ಭೀಮ.

“ಸುಗನ್ಯಾ ಎಲ್ಲಿ?” ಎಂದಳು ಮಾತಿ.

“ಇನ್ನು ಅವಳು ಬಪ್ಪದಿಲ್ಲೆ. ರೊಟ್ಟಿ ಮುರಿಯದ ಕೈ ಹಿರಿಯರ ಕೆಲಸ ಮಾಡಬಾರದು ಅಂತ ಪಾದ್ರಿಗ ಹೇಳಿ ಜಾಗ ಬುಟ್ಟಳು,” ಎಂದ ಭೀಮ. ಬಂದ ವಿಷಯ ಹೇಳಲು ಅವನಿಗೆ ಅಷ್ಟೇನೂ ಮನಸ್ಸಿದ್ದಂತೆ ಕಾಣಲಿಲ್ಲ. “ಅವಳ ಬುಟ್ಟರೆ ಹೆಚ್ಚು ಕೈ ಎದ್ದದ್ದು ನಿನಗ. ಕಟ್ಟಳೆ ಪ್ರಕಾರ ಜಾಗ ನಿನ್ನದು. ಆದರೆ ಮೊದಲು ನೀ ಅವಳಿಗ ಕೈ ಕೊಡೋಕು.”

ಬಾಯಿಗೆ ಬಂದ ತುತ್ತು. ಬೇಡ ಎನ್ನಲು ಮಾತಿಯೇನು ಸಂತಳೇ? ಶನಿವಾರ ಚರ್ಚಿನಲ್ಲಿ ಭೀಮನ ಎದುರು ಇಬ್ಬರೂ ನಿಂತರು. ಮಾತಿ ಕೈ ಚಾಚಿದಳು, ಸುಗನ್ಯಾ ಹಿಡಿದಳು, ಭೀಮ ಒಂದು ಸಣ್ಣ ಪ್ರಾರ್ಥನೆ ಹೇಳಿದ. ಮನಸ್ಸಿಲ್ಲದೆ ಕೊಟ್ಟ ಕೈ ಎಂದು ಮಾತಿಗೆ ಗೊತ್ತಿತ್ತು. ಕರ್ತನಿಗೆ ಸುಳ್ಳು ಹೇಳಿದಂತೆ ಎಂದು ತಾನೇ ಹೇಳಿದ್ದೂ ನೆನಪಿತ್ತು. ಆದರೂ ಮರುದಿನ ಬಟ್ಟಲು ಹಿಡಿದು ಸಾಲಿನ ಮುಂದೆ ನಡೆದಾಗ ಅವಳ ಬೆನ್ನು ನೇರವಾಗಿತ್ತು.

ಮನೆ ಕೇಳುವ ವಾರ ಬಂತು. ಮಾತಿ ಹೊಸ ಸೀರೆಯುಟ್ಟು, ಬಿಳಿ ಶಾಲು ಹೊದ್ದು ಹೊರಟಳು. ಮೊದಲನೆಯದು ಮುದುಕಿ ನಂಜಿಯ ಮನೆ. ಹಾಸಿಗೆ ಹಿಡಿದ ನಂಜಿ, ಯಾರ ಮೇಲೂ ಏನೂ ಇಲ್ಲೆ ಎಂದು ಹೇಳಿ, ಆಮೇಲೂ ಏನೋ ಕಾಯುವವಳ ಹಾಗೆ ನೋಡಿದಳು.

“ಏನ?” ಎಂದಳು ಮಾತಿ.

“ಸುಗನ್ಯಾ ಬಂದರೆ ಎನ್ನ ತಲೆ ಬಾಚಿ ಹೋಪಳು,” ಎಂದಳು ನಂಜಿ.

ಮಾತಿ ಬಾಚಿದಳು. ಹಲ್ಲು ಕಚ್ಚಿಕೊಂಡು ಬಾಚಿದಳು, ಮುದುಕಿ ಎರಡು ಸಲ ಅಯ್ಯೋ ಎಂದಿತು. ಎರಡನೆಯ ಮನೆಯಲ್ಲಿ ಸುಗನ್ಯಾ ಮಗುವಿಗೆ ಹಾಡು ಹೇಳಿಕೊಡುತ್ತಿದ್ದಳಂತೆ. ಮೂರನೆಯ ಮನೆಯಲ್ಲಿ ಸುಗನ್ಯಾ ಯಾವಾಗ ಬರುತ್ತಾಳೆ ಎಂದೇ ಕೇಳಿದರು. ಹನ್ನೊಂದು ಮನೆಯಲ್ಲೂ ಬಟ್ಟಲು ಮಾತಿಯದು, ಮಾತು ಸುಗನ್ಯಾಳದು.

ಕೊನೆಯ ಮನೆ ಸುಗನ್ಯಾಳದೇ. ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಮುಖ ತುಂಬಿಕೊಂಡಿತ್ತು, ಹೆಗಲ ಮೇಲಿಂದ ಮೂಟೆ ಇಳಿಸಿದವಳ ಹಾಗೆ ಹಗುರವಾಗಿದ್ದಳು. ಮಾತಿ ಗಂಟಲು ಸರಿಮಾಡಿಕೊಂಡು ಕೇಳಿದಳು.

“ನಿನ್ನ ಮನಸೊಳಗ ದಾರ ಮೇಲಾದರೂ ಏನಾದರೂ ಉಂಟಾ?”

“ಇಲ್ಲೆ ಅಕ್ಕ.”

“ಎನ್ನ ಮೇಲೆ?”

“ನಿನ್ನ ಮೇಲೆ ಏನ ಅಕ್ಕ? ಇಲ್ಲೆ.”

ಮಾತಿ ಆ ಮುಖವನ್ನು ಚೆನ್ನಾಗಿ ಹುಡುಕಿದಳು. ಒಂದು ಎಳ್ಳಿನಷ್ಟು ಸುಳ್ಳು ಸಿಕ್ಕಿದರೂ ಸಾಕಿತ್ತು. ಸಿಗಲಿಲ್ಲ. ಇಷ್ಟೆಲ್ಲ ಮಾಡಿದರೂ ಸುಗನ್ಯಾಳ ಮನಸ್ಸಿನಲ್ಲಿ ಮಾತಿಗೆಂದು ಒಂದು ಮೂಲೆಯಷ್ಟು ಕೋಪವೂ ಇರಲಿಲ್ಲ. ಇಷ್ಟು ತಿಂಗಳಲ್ಲಿ ಮಾತಿ ಅವಳ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ಒಂದು ತೂಕ, ಈಗ ಆ ‘ಇಲ್ಲೆ’ಯ ಮೇಲೆ ಬಂದದ್ದು ಒಂದು ತೂಕ.

ಕೆಲಸ ಮುಗಿದಿತ್ತು, ಆದರೂ ಮಾತಿ ಹೊರಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಸುಗನ್ಯಾ ಕೇಳಲಿ, ಇನ್ನೂ ಉಂಟಾ ಅಕ್ಕ ಎಂದು ಒಂದೇ ಒಂದು ಸಲ ಕೇಳಲಿ, ಉಂಟು ಎಂದು ಕೂತು ಎಲ್ಲ ಹೇಳಿಬಿಡುತ್ತೇನೆ ಎಂದು ಕಾಯುತ್ತಿದ್ದಳು. ಸುಗನ್ಯಾ ಕೇಳಲಿಲ್ಲ. ಕೇಳುವ ಕೆಲಸ ಈಗ ಅವಳದಲ್ಲ, ಹಿರಿಯರ ಮನೆಗೆ ಮನೆ ಕೇಳಲು ಯಾರೂ ಹೋಗುವುದೂ ಇಲ್ಲ. ಒಳಗೆ ಕುಕ್ಕರ್ ಕೂಗಿತು.

“ಒಲೆ ಮೇಲೆ ಅನ್ನ ಉಂಟು ಅಕ್ಕ, ಬಂದೆ,” ಎಂದು ಸುಗನ್ಯಾ ಒಳಗೆ ಹೋದಳು.

ಮಾತಿ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಶಾಲು ಸರಿಮಾಡಿಕೊಂಡು, ಕೇಳುವವರಿಲ್ಲದ ತನ್ನ ಮನೆಯ ಕಡೆಗೆ ಇಳಿದು ಹೋದಳು.